ತೂಕದ ಮಾಲು

ಬೀದರದ ಚೌಬಾರಾ ಹಿಂದಿನ ಗಲ್ಲಿ, ಗೌಸ್ ಮಿಯಾನ ಗುಜರಿ.
ತಾಮ್ರದ ಸಿಕ್ಕಾ ಕಿಲೋಕ್ಕ ಒಂಬೈನೂರು,
ಆರಿಸೂದಿಲ್ಲ, ಬಿಚ್ಚಿ ನೋಡೂದಿಲ್ಲ,
ಚೀಲದ ಬಾಯಿ ಕಟ್ಟೇ ಇರ್ತದ.

ಇಪ್ಪತ್ತಾರು ವರ್ಷ ಹುಮನಾಬಾದ ಗಾಡ್ಯಾಗ
ಚಿಲ್ಲರಿ ಎಣಿಸಿದ ಬೆರಳು ನನ್ನವು.
ಬೋಗುಣ್ಯಾಗ ಕುಸುಬಿ ಎಣ್ಣಿ ಸುರುವಿ ನೆನಿ ಹಾಕಿದೆ.
"ಪಲ್ಯಾಕ್ಕಿಲ್ಲದ ಎಣ್ಣಿ ಇದಕ್ಕದ ಏನು?" ಅಂದಳು ಗುರುಬಾಯಿ.

ನೂರಾ ನಲವತ್ತು ಬಿಲ್ಲಿ. ಭಾಳಷ್ಟು ಬೋಳು.
ಅರಸನ ಹೆಸರು ಯಾರ್ಯಾರದೋ ಹೆಬ್ಬೆಟ್ಟಿಗೆ ಹತ್ತಿ ಹೋಗ್ಯದ.
ಒಂದಕ್ಕ ತೂತು,
ಯಾವ ಕೂಸಿನ ಉಡದಾರದ್ದೋ.

ಅಂಕಿ ಓದಾಕ ಕಲಿಸಿದವ ಮಿಯಾನೇ:
ಚುಕ್ಕಿ ಅಂದ್ರ ಸೊನ್ನಿ,
ಸೊನ್ನಿ ಅಂದ್ರ ಐದು.
ಮೂರನೇ ದಿನ ಒರಸೂವಾಗ
ಅಂಚಿನಾಗ ಕೂತಿತ್ತು ಒಂದು ಸೊನ್ನಿ.
ಪಟ್ಟಿಯೊಳಗ ಆ ಇಸವಿ ಮುಂದ
ಬೆಲಿ ಬರದಿಲ್ಲ, ಬರೇ ಗೆರಿ ಎಳದಾರ.

ರಾತ್ರಿ ನಿದ್ದಿ ಇಲ್ಲ.
ಮುಂಜಾನೆ ಹೋಗಿ ಅವನ ಮುಂದ ಅಂಗೈ ಬಿಚ್ಚಿದೆ.
ಮಿಯಾ ಕನ್ನಡಕ ಏರಿಸಿದ, ಇಳಿಸಿದ, ಚಹಾ ತರಿಸಿದ.
"ತೂಕಕ್ಕ ಕೊಟ್ಟದ್ದು ತೂಕಕ್ಕ ಹೋತು" ಅಂದ.
ನಾ ಉಸಿರು ಬಿಡೂದ್ರಾಗ
ಇನ್ನೊಂದು ಚೀಲದ ಬಾಯಿ ಬಿಗದು
ತಕ್ಕಡಿಗಿಟ್ಟ:
"ಇವತ್ತಿಂದ ಕಿಲೋಕ್ಕ ಎರಡು ಸಾವಿರ."