ಮಾಳಮಡ್ಡಿಯಲ್ಲಿ ರಾಟರ್‌ಡ್ಯಾಮ್

ಮಾಳಮಡ್ಡಿಯ ಹಿತ್ತಲಕೋಣೆ. ಗೋಡೆಗೆ ಹಳೇ ಗಾದಿ,
ಕಿಟಕಿಗೆ ಎರಡು ಕೌದಿ, ಸದ್ದು ಒಳಬರದಂತೆ.
ಪರದೆಯ ಮೇಲೆ ಊರುಗಳು ಸರಿಯುತ್ತವೆ:
ವಿಯೆನ್ನಾ, ಹೆಲ್ಸಿಂಕಿ, ರಾಟರ್‌ಡ್ಯಾಮ್.
ಕಟ್ಟಿದವರು ತೀರಿಹೋಗಿದ್ದಾರೆ. ಕಟ್ಟಡಗಳಿಗೆ
ಕನ್ನಡದಲ್ಲಿ ಬಾಯಿ ನಾನು, ತಾಸಿಗೆ ಇಷ್ಟು ಅಂತ.

"ಬೆಳಕನ್ನು ಒಳಗೆ ಕರೆಯುವುದೇ ಅವರ ಕನಸಾಗಿತ್ತು"
ಓದುತ್ತೇನೆ. ಬೆವರೊರೆಸಿಕೊಳ್ಳುತ್ತೇನೆ.
ಇಲ್ಲಿ ಏಪ್ರಿಲ್. ಬೆಳಕು ಕರೆಯದೇ ಬಂದು
ಕೌದಿಯ ಹೊಲಿಗೆ ಎಣಿಸುತ್ತಿದೆ.

ಒಂದು ಪದ ಸಿಗಲಿಲ್ಲ.
ಕೆಳಗೆ ಕಂಬವಿಲ್ಲದೆ ಬೀದಿಯ ಮೇಲೆ
ಹಾಗೇ ನಿಂತ ಆ ಮಹಡಿಗೆ
ನಿಘಂಟು ಕೊಟ್ಟಿದ್ದು ಬಾಯಲ್ಲಿ ಖಡಿಯಾಯಿತು.

ಪಕ್ಕದಲ್ಲಿ ಬಚ್ಚಲು ಕಟ್ಟುತ್ತಿದ್ದ ಗವಂಡಿ ದಾವಲಸಾಬ,
ನಾನು ಓದುವಾಗ ಕರಣಿ ಕೆಳಗಿಡಲು ಒಪ್ಪಿದವನು,
ಬಾಗಿಲಲ್ಲೇ ನಿಂತು ನೋಡಿದ
ಕೈಯ ಸಿಮೆಂಟು ಒಣಗುವತನಕ:
"ಏನಿಲ್ರೀ ಅಕ್ಕಾರ, ಗ್ವಾಡಿ ಕೈ ಚಾಚೇತಿ,
ಮಳಿ ಬಂತೇನಂತ ನೋಡಾಕ."

ಚಿತ್ರ ನಾಲ್ಕು ಸೆಕೆಂಡು. ಅವನ ಮಾತು ಆರು.
ಪುಣೆಗೆ ಫೋನ್ ಹಚ್ಚಿದೆ:
ಆ ಊರನ್ನ ಇನ್ನೆರಡು ಸೆಕೆಂಡು ಹಿಡೀರಿ,
ಇಲ್ಲಿಂದ ಒಂದು ಮಾತು ದಾಟೂದದ.