ಎ ಇ ಐ ಎನ್ ಆರ್ ಎಸ್ ಟಿ

ಕ್ರಾಬಿಯ ಶಾಲೆಯ ಸೈಕಲ್ ಶೆಡ್ಡಿನಲ್ಲಿ
ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆವು,
ಹನ್ನೊಂದು ಮಂದಿಗೆ ಒಂದೇ ಫ್ಯಾನು.
ತನಿತ್ ಮೇಷ್ಟ್ರು ಏಳು ಅಕ್ಷರ ಕೂಗಿದರೆ
ಅವೇ ಏಳನ್ನು ಕಲಸಿ ನಾವು ಪದ ಕೂಗಬೇಕು:
ರಿಟೇನ್ಸ್. ನ್ಯಾಸ್ಟಿಯರ್. ಸ್ಟೇನರ್. ರೆಟಿನಾಸ್.
ತಡವರಿಸಿದವರು ಕೂತುಬಿಡಬೇಕು.
ನಾನು ಕೂರುತ್ತಿರಲಿಲ್ಲ.
ರೆಟ್ಸಿನಾ. ಆಂಟ್ಸಿಯರ್. ಸ್ಟಿಯರಿನ್.

ಅರ್ಥ? ಎಂದು ಒಮ್ಮೆ ಕೇಳಿದೆ.
ಮೇಷ್ಟ್ರು ಅಂಗೈಯ ಸೀಮೆಸುಣ್ಣ ಕೊಡವಿಕೊಂಡರು.
"ಮೊದ್, ಅರ್ಥಕ್ಕೆ ಅಂಕವಿಲ್ಲ.
ಇಟ್ಟಿಗೆ ಹೊರುವವಳು ಕೇಳುತ್ತಾಳೆಯೇ
ಆ ಮನೆಯೊಳಗೆ ಯಾರು ಮಲಗುತ್ತಾರೆಂದು?"

ಮೊದ್ ಎಂದರೆ ಇರುವೆ. ಮನೆಯವರಿಟ್ಟ ಹೆಸರು.
ಆಂಟ್ಸಿಯರ್ ಎಂಬುದರ ನೆತ್ತಿಯ ಮೇಲೆ
ಅದೇ ಇರುವೆ ಕೂತಿರುವುದು
ಎಷ್ಟೋ ವರ್ಷ ನನಗೇ ಕಾಣಲಿಲ್ಲ.

ನಮ್ಮ ಬರಹದಲ್ಲಿ ಪದಕ್ಕೂ ಪದಕ್ಕೂ ಸಂದಿಯಿಲ್ಲ,
ಸಾಲು ಹರಿಯುತ್ತದೆ, ಓದುವವರೇ ತುಂಡರಿಸಿಕೊಳ್ಳಬೇಕು.
ಇಂಗ್ಲಿಷಿನ ಅಕ್ಷರಗಳು ಹಾಗಲ್ಲ,
ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಂತೆ
ಪಕ್ಕಪಕ್ಕ, ಮೈ ತಾಕಿಸದೆ ನಿಂತಿರುತ್ತವೆ.
ಕ್ಯು ಒಂದಕ್ಕೆ ಮಾತ್ರ
ಯು ಜೊತೆಗಿಲ್ಲದೆ ಬೀದಿಗಿಳಿಯಲು ಭಯ.
ಅದಕ್ಕೂ ಮದ್ದು ಕಲಿತೆ.
ಹೀಗೆ ನಲವತ್ತು ಸಾವಿರ ಪದ ತಲೆಗೆ ತುರುಕಿಕೊಂಡು
ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಲು ಬೆವರುವ
ಪಂಡಿತೆಯಾದೆ.

ಹಾಟ್ ಯಾಯ್, ಹೋಟೆಲಿನ ಮೂರನೆಯ ಮಹಡಿ, ಫೈನಲ್ಲು.
ಎದುರಿಗೆ ಹಾಲ್ಡೇನ್ ಎಂಬ ನಿವೃತ್ತ ನಾವಿಕ,
ತೊಟ್ಟಿಲಲ್ಲೇ ಆ ಭಾಷೆಯಲ್ಲಿ ಅತ್ತವರು.
ಚೀಲಕ್ಕೆ ಕೈಹಾಕಿದೆ. ಏಳೂ ಬಂದವು.
ಸ್ಟಿಯರಿನ್. ಅರವತ್ತೆಂಟು ಅಂಕ.
ಕನ್ನಡಕ ಮೇಲೇರಿಸಿ ಕೇಳಿದರು, ಹಾಗೆಂದರೇನು?
ಗೊತ್ತಿಲ್ಲ ಎಂದೆ.
ನನಗೂ ಇಲ್ಲ ಎಂದು ಕೈ ಕುಲುಕಿದರು.
ಅರ್ಥ ತಿಳಿಯದೆಯೇ ಅರ್ಥ ಸಂಪಾದಿಸಿದೆ:
ಎಂಟು ಸಾವಿರ ಬಾತ್, ಮೇಲೊಂದು ರೈಸ್ ಕುಕ್ಕರ್.

ರಾತ್ರಿ ಬಸ್ಸಿಳಿದು ಕಾಲು ತೊಳೆಯಲು ಬಚ್ಚಲಿಗೆ ಬಂದರೆ
ಬಾಗಿಲಿಲ್ಲದಲ್ಲಿ ಅಪ್ಪ ಕಟ್ಟಿದ ಚೀಲದ ಪರದೆ.
ತಾಳೆಯೆಣ್ಣೆ ಮಿಲ್ಲಿನದು,
ನನಗೆ ಆರು ತುಂಬಿದಾಗಿನಿಂದ ಅಲ್ಲೇ ಇದೆ.
ಅದರ ಮೇಲೆ ತಲೆಕೆಳಗಾಗಿ, ಮಾಸಿದ ನೀಲಿಯಲ್ಲಿ,
ಪಾಮ್ ಸ್ಟಿಯರಿನ್, ಇಪ್ಪತ್ತೈದು ಕೆಜಿ.

ಇಪ್ಪತ್ತು ವರ್ಷ
ದಿನಕ್ಕೆ ನಾಲ್ಕು ಸಲ
ಆ ಪದವನ್ನು ಕೈಯಿಂದ ಸರಿಸಿ ಒಳಹೊಕ್ಕವಳು ನಾನು.
ಸೋಪು ನೊರೆಯ ಚುಕ್ಕೆಗಳು ಎನ್ನಿನ ಮೇಲೆ ಒಣಗಿದ್ದವು.

ಅಪ್ಪಾ, ಇದರೊಳಗೆ ಏನಿತ್ತು?
ಇಂಗ್ಲಿಷಿನ ಒಂದಕ್ಷರ ಬಾರದ ಅಪ್ಪ
ತೂಕಡಿಸುತ್ತಲೇ ಹೇಳಿದ:
"ಎಣ್ಣೆ ತಣಿದಾಗ ತಳಕ್ಕೆ ಕೂರುತ್ತದಲ್ಲ, ಆ ಬಿಳೀ ಚಕ್ಕೆ.
ಮೇಣದಬತ್ತಿಗೆ ಹಾಕುತ್ತಾರೆ, ಸಾಬೂನಿಗೆ.
ಉಗುರುಸಂದಿಗೆ ಹೊಕ್ಕರೆ ಬಿಸಿನೀರಿಗೇ ಬಗ್ಗೋದು.
ನೀನು ಕೂಸಾಗಿದ್ದಾಗ, ಎತ್ತಿಕೊಳ್ಳುವ ಮುಂಚೆ
ನಿಮ್ಮಮ್ಮ ನನ್ನ ಕೈ ಮೂಸಿ ನೋಡುತ್ತಿದ್ದಳು."
ಮಗ್ಗುಲು ಬದಲಿಸಿದ.
"ಯಾಕೆ, ಹರಿದಿದೆಯಾ? ಬೇರೆ ಚೀಲ ತರಬೇಕಾ?"

ತಾಪತ್ರಯ ಶುರುವಾದದ್ದು ಆಮೇಲೆ.
ಟ್ರಾಂಗ್ ಟೂರ್ನಿಯಲ್ಲಿ ಮತ್ತೆ ಅವೇ ಏಳು.
ಗಡಿಯಾರ ಓಡುತ್ತಿದೆ.
ಪ್ಲಾಸ್ಟಿಕ್ ಬಿಲ್ಲೆಗಳಿಂದ ಕಮಟು ವಾಸನೆ,
ಎಸ್ ಮುಟ್ಟಿದರೆ ಬೆರಳಿಗೆ ಜಿಡ್ಡು.
ಎಂದೂ ಎರಡು ಉಸಿರು ತೆಗೆದುಕೊಳ್ಳದ ನಾನು
ನಲವತ್ತು ಸೆಕೆಂಡು
ಅಪ್ಪನ ಉಗುರು ನೋಡುತ್ತ ಕೂತೆ.

ಕೊನೆಗೆ ಇಟ್ಟದ್ದು ರೆಟಿನಾಸ್.
ಹಾಗೆಂದರೇನೆಂದು ಇನ್ನೂ ನೋಡಿಲ್ಲ.
ಸದ್ಯಕ್ಕೆ ನೋಡುವುದೂ ಇಲ್ಲ.