ಕಣ್ಣಿಲ್ಲದ್ದು

ರಾತ್ರಿ ಇಬ್ಬನಿ ಗಟ್ಟಿಯಾಯಿತು.
ಬೆಳಗ್ಗೆ ನೋಡಿದರೆ ಡೇಲಿಯಾ ಸಾಲೆಲ್ಲ
ಬೇಯಿಸಿ ಬಿಸಾಡಿದ ಸೊಪ್ಪಿನ ಹಾಗೆ, ಕಪ್ಪು.
"ಈಗ ಸರಿ" ಅಂದ ನಾರಿಸ್, ಬೂಟು ಹುಡುಕುತ್ತ.

ಡರ್ಹಮ್ ಸೀಮೆಯ ಮಣ್ಣು ಜಿಗುಟು.
ಇಪ್ಪತ್ತೇಳು ವರ್ಷ ಕಲ್ಲಿದ್ದಲು ಅಗೆದವನಿಗೆ
ಈ ಮೊಳದಾಳ ಯಾವ ಲೆಕ್ಕ?
ಆದರೂ ಉಸಿರು ಬಿಗಿಹಿಡಿದೇ ಎತ್ತುತ್ತಾನೆ ಬುಡವನ್ನು.
ಕತ್ತು ಉಳುಕಿದರೆ ಮುಗಿಯಿತು.

ಷೆಡ್ಡಿನ ಹಲಗೆ ಮೇಲೆ ತಲೆಕೆಳಗಾಗಿಟ್ಟು
ಟೊಳ್ಳು ಕಾಂಡದ ನೀರು ಬಸಿದ ಮೇಲೆ
ಅವನು ಕೊಯ್ಯುತ್ತಾನೆ, ನಾನು ಗಂಧಕ ಸವರುತ್ತೇನೆ,
ಸಿಪ್ಪೆಯ ಮೇಲೆ ನೇರಳೆ ಪೆನ್ಸಿಲಿನಲ್ಲಿ ಹೆಸರು.
ಇದಕ್ಕೆ ಹೆಸರಿಲ್ಲ. 'ಮಾವನ ಕೆಂಪು' ಅಂತ ಬರೆಯುತ್ತೇನೆ.

ಕಣ್ಣು ನೋಡು ಅಂತ ಕಲಿಸಿದ್ದೇ ಅವನು:
ಕತ್ತು ಕಾಂಡಕ್ಕೆ ಸೇರುವಲ್ಲಿ ಸಾಸಿವೆಯಷ್ಟು ಉಬ್ಬು.
ಅದಿದ್ದರೆ ಕಡ್ಡಿಯಂಥದೂ ಚಿಗುರುತ್ತದೆ.
ಇಲ್ಲದಿದ್ದರೆ ಎಷ್ಟು ಕೊಬ್ಬಿದ್ದರೂ
ಜೂನಿನ ತನಕ ಮಣ್ಣಲ್ಲಿ ಮಲಗಿ
ಕೊಳೆಯುತ್ತದೆ, ಅಷ್ಟೆ.

ಸಾಯುವಾಗ ಮಾವ ಮಾತು ತೆಗೆದುಕೊಂಡಿದ್ದರು:
ವರ್ಷಕ್ಕೊಂದು ಗೆಡ್ಡೆ ನಿನ್ನ ತಮ್ಮನಿಗೆ.
ಆಮೇಲೆ ಬಂತು ಮುಷ್ಕರ.
ಅದು ಮುಗಿಯಲು ಒಂಬತ್ತೇ ದಿನ ಇದ್ದಾಗ
ಕತ್‌ಬರ್ಟ್, ಮನೆಯಲ್ಲಿ ಮೂರು ಪುಟ್ಟ ಹೊಟ್ಟೆ,
ಕಿಟಕಿಗೆ ತಂತಿಬಲೆ ಹೊಡೆದ ಬಸ್ಸು ಹತ್ತಿ ಗಣಿಗೆ ಹೋದ.
ಅಣ್ಣತಮ್ಮರ ಮಾತು ನಿಂತಿತು,
ಕೊಟ್ಟ ಮಾತು ನಿಲ್ಲಲಿಲ್ಲ.

ಮೂವತ್ತು ಚಿಲ್ಲರೆ ಶರತ್ಕಾಲ
ಎಲ್ಲಕ್ಕಿಂತ ದಪ್ಪದ್ದನ್ನೇ ಪೇಪರಿನಲ್ಲಿ ಸುತ್ತಿ
ತಮ್ಮನ ಗೇಟಿಗೆ ಸಿಕ್ಕಿಸಿ ಬಂದ.
ದೊಡ್ಡ ಮನಸ್ಸು ಅಂದುಕೊಂಡಿದ್ದೆ ನಾನು.
ಆ ಅಂಗಳದಲ್ಲಿ ಒಂದೂ ಅರಳದ್ದಕ್ಕೆ
ಕತ್‌ಬರ್ಟನ ಕೈಗುಣವನ್ನೇ ಹಳಿದಿದ್ದೆ.

ಹೋದ ವರ್ಷ ಕನ್ನಡಕ ಬದಲಾಯಿಸಿದೆ.
ಪೊಟ್ಟಣ ಕಟ್ಟುವಾಗ ನೋಡಿದರೆ ಕತ್ತು ನುಣ್ಣಗೆ,
ಸುತ್ತ ತಿರುಗಿಸಿದರೂ ನುಣ್ಣಗೆ.
"ಈ ಕಾಲದಲ್ಲಿ ಕಣ್ಣು ಸರಿಯಾಗಿ ಕಾಣೋದಿಲ್ಲ" ಅಂದ,
ನಾನು ಏನೂ ಕೇಳಿರಲಿಲ್ಲ.

ಅವನು ಚಹಾಕ್ಕೆ ಒಳಗೆ ಹೋದ.
ಇಲಿಬಾಲದಂಥ ಒಂದು ಸೊಟ್ಟ ಗೆಡ್ಡೆ, ಎರಡು ಕಣ್ಣಿನದು,
ಪೊಟ್ಟಣದೊಳಗೆ ಹೋಯಿತು.
ದಪ್ಪದ್ದು ಗೊಬ್ಬರದ ಗುಂಡಿಗೆ.

ಆಗಸ್ಟಿನಲ್ಲಿ ಕತ್‌ಬರ್ಟನ ಗೋಡೆಯ ಮೇಲೆ ಕೆಂಪು.
ನಾರಿಸ್ ನೋಡುತ್ತ ನಿಂತ. ನೀರಿನ ಡಬ್ಬ ತುಂಬಿ
ಬೂಟಿನ ಮೇಲೆ ಹರಿಯುತ್ತಿತ್ತು.
"ನಮ್ಮದಕ್ಕಿಂತ ಒಂದಂಗುಲ ಅಗಲ" ಅಂದ ಕೊನೆಗೆ,
ತೀರ್ಪುಗಾರನ ಹಾಗೆ.

ಇವತ್ತು ಕೊಯ್ದಾಯಿತು. ಚಾಕು ಚಡ್ಡಿಗೊರೆಸಿ
ಪೇಪರನ್ನು ನನ್ನ ಮುಂದೆ ಹರಡಿದ:
"ನೀನೇ ಆರಿಸು. ನಿನ್ನ ಕಣ್ಣು ಚುರುಕು."
ಆರಿಸಿದೆ. ಪೆನ್ಸಿಲು ನಾಲಗೆಗೆ ತಾಗಿಸಿ
ಕೇಳಿದೆ, ಏನಂತ ಬರೆಯಲಿ?

ನಲ್ಲಿಯ ಹತ್ತಿರ ಹೋದ.
ಕೈ ತೊಳೆದ. ಮಣ್ಣು ಹೋದ ಮೇಲೂ
ತೊಳೆಯುತ್ತಲೇ ಇದ್ದ.